ನೀರಗಂಟಿಯ ಪ್ರೀತಿ: ಭಾಂಡುಪ್‌ನ ಒಂದು ಹಸ್ತಪ್ರತಿಯ ಪ್ರಕರಣ

ಆ ಕಾದಂಬರಿಯ ಹಸ್ತಪ್ರತಿಯಲ್ಲಿ 112 ಅಧ್ಯಾಯಗಳಿದ್ದವು. ಪದಗಳ ಲೆಕ್ಕ ಸುಮಾರು 2,40,000. ಡೆಮಿ 1/8 ಅಳತೆಯಲ್ಲಿ ಅಚ್ಚು ಹಾಕಿದರೆ 960 ಪುಟ, 16 ಪುಟದ ಫಾರಂ ಲೆಕ್ಕದಲ್ಲಿ 60 ಫಾರಂ. ಬರೆದವರು ಭಾಂಡುಪ್ ಪಶ್ಚಿಮದ ಗುಡ್ಡದ ಮೇಲಿನ ಚಾಳಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಇರುವ ಒಬ್ಬ ಮಹಿಳೆ. ತವರು ಅಂಕೋಲಾ ಕಡೆ. ಮದುವೆಯಾಗಿ ಮುಂಬಯಿಗೆ ಬಂದವರು, ದಾದರಿನ ಒಂದು ಪತಪೇಢಿಯಲ್ಲಿ (ಸಹಕಾರಿ ಸಾಲ ಸಂಘದಲ್ಲಿ) ಲೆಕ್ಕ ಬರೆಯುತ್ತಾರೆ.

ಅವರು ಬರೆದದ್ದು ಕಪ್ಪು ಛಾಯೆಯ ಮಹಾಫ್ಯಾಂಟಸಿ. ರಾಜ್ಯ, ಶಾಪ, ಮಾಟ, ಯುದ್ಧ, ನಡುವೆ ಒಂದು ನಿಷಿದ್ಧ ಪ್ರೇಮ. ಮೂವರು ಪ್ರಕಾಶಕರಿಗೆ ಕಳಿಸಿದ್ದರು. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು ‘ತುಂಬಾ ದೊಡ್ಡದಾಯ್ತು’ ಎಂದರು. ಮೂರನೆಯವರು ಮಾತ್ರ ಪೂರ್ತಿ ಓದಿದ್ದರು. ಅವರ ಚೀಟಿಯಲ್ಲಿ ಒಂದೇ ಸಾಲಿತ್ತು: ‘ಪ್ರೇಮ ನಿಷಿದ್ಧ ಅಂತ ಪುಟಪುಟಕ್ಕೂ ಹೇಳ್ತೀರಿ, ಯಾಕೆ ನಿಷಿದ್ಧ ಅಂತ ಕೊನೆವರೆಗೂ ಗೊತ್ತಾಗಲಿಲ್ಲ.’

ನಾನು ಹಸ್ತಪ್ರತಿ ಓದಿ ಅಭಿಪ್ರಾಯ ಬರೆಯುವ, ಕರಡು ತಿದ್ದುವ ಕೆಲಸದವನು. ಆ ಚೀಟಿಯ ಸಮೇತ ಹಸ್ತಪ್ರತಿ ನನ್ನ ಹತ್ತಿರ ಬಂತು. ನಾನು ಇಂಥ ದೊಡ್ಡ ಬರಹವನ್ನು ಒಬ್ಬನೇ ಓದುವುದಿಲ್ಲ. ಮುಲುಂಡಿನಲ್ಲಿ ಭಾನುವಾರ ಸೇರುವ ನಮ್ಮ ಸಣ್ಣ ಓದುಗರ ಬಳಗಕ್ಕೂ ಕೊಟ್ಟೆ. ಅದರಲ್ಲಿ ಇಬ್ಬರ ಮಾತು ಈ ಪ್ರಕರಣದಲ್ಲಿ ಮುಖ್ಯ. ಒಬ್ಬರು ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ, ಯಕ್ಷಗಾನದ ಹುಚ್ಚಿರುವ ಹಿರಿಯರು. ಎಲ್ಲರೂ ಅವರನ್ನು ಮಾಮ ಅನ್ನುತ್ತಾರೆ. ಇನ್ನೊಬ್ಬಳು ಕಾಲೇಜು ಹುಡುಗಿ, ಇಂಗ್ಲಿಷಿನ ಫ್ಯಾಂಟಸಿ ಪ್ರೇಮಕಥೆಗಳನ್ನು ಫೋನಿನಲ್ಲೇ ನುಂಗಿ ನೀರು ಕುಡಿದವಳು. ಪುಸ್ತಕ ಇನ್ನೂ ಅಚ್ಚಾಗಿಲ್ಲ. ಹಾಗಾಗಿ ಕಾದಂಬರಿಯ ಹೆಸರನ್ನೂ ಪಾತ್ರಗಳ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ.

ಮೊದಲ ಕರಡು

ಹಿಮದ ನಾಡು. ಬೆಟ್ಟದ ತುದಿಯಲ್ಲಿ ಕಪ್ಪು ಕೋಟೆ. ಕೋಟೆಯ ರಾಜಕುಮಾರ ಕ್ರೂರಿ, ಆದರೆ ಚೆಲುವ. ಶತ್ರು ನಾಡಿನ ಮಾಟಗಾತಿಯೊಬ್ಬಳನ್ನು ಸೆರೆಹಿಡಿದು ತಂದು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ಹತ್ತನೇ ಅಧ್ಯಾಯಕ್ಕೆ ಇಬ್ಬರಿಗೂ ಪ್ರೀತಿ. ಹನ್ನೊಂದಕ್ಕೆ ರಾಜ ‘ಇದು ನಿಷಿದ್ಧ’ ಎಂದು ಗುಡುಗುತ್ತಾನೆ. ಅಲ್ಲಿಂದ ಓಟ, ಕೊಲೆ, ಶಾಪ, ಮೋಸ, ಮತ್ತೆ ಕೊಲೆ. ಕಡೆಗೆ ರಾಜನ ಶಾಸನವೇ ಸುಳ್ಳು, ಯಾರೋ ಪುರೋಹಿತ ತಿದ್ದಿ ಬರೆದದ್ದು ಎಂದು ಬಯಲಾಗುತ್ತದೆ. ಪ್ರೇಮಿಗಳು ಸಿಂಹಾಸನ ಏರುತ್ತಾರೆ.

ಭಾಷೆ ಚೆನ್ನಾಗಿತ್ತು. ಕೈ ಪಳಗಿತ್ತು. ಆದರೆ ಹಿಮದ ಮೇಲೆ ಅಷ್ಟೆಲ್ಲ ನಡೆದಾಡಿದರೂ ಯಾರಿಗೂ ಚಳಿಯಾಗುತ್ತಿರಲಿಲ್ಲ. ಉಪ್ಪುಗಾಳಿಯಲ್ಲಿ ಬೆಳೆದವರು, ಮುಂಬಯಿಯ ಸೆಖೆಯಲ್ಲಿ ಬೆಂದವರು ಹಿಮ ಬರೆದರೆ ಹಾಗೇ ಆಗುತ್ತದೆ. ಬೇರೆ ಕಡೆ ಓದಿದ ಹಿಮವನ್ನೇ ಬರೆಯಬೇಕಾಗುತ್ತದೆ.

ಒಂದು ಅಧ್ಯಾಯ ಮಾತ್ರ ಬೇರೆಯಾಗಿತ್ತು, 37ನೆಯದು. ಕೋಟೆಗೆ ಮುತ್ತಿಗೆ ಬಿದ್ದಿದೆ. ನೀರಿಗೆ ಬರ. ಒಬ್ಬ ಮುದುಕಿ ದಾಸಿ ಎಲ್ಲರಿಗೂ ಸೌಟಿನಲ್ಲಿ ನೀರು ಅಳೆದು ಹಾಕುತ್ತಾಳೆ. ಮನೆಗೆ ಎಷ್ಟು ಜನ ಎಂದು ಎಣಿಸಿ ಅಷ್ಟೇ ಸೌಟು. ತನ್ನ ಪಾಲಿಗೆ ಬಂದಾಗ ಎರಡು ಸೌಟು ಹಾಕಿಕೊಳ್ಳುತ್ತಾಳೆ. ಕಾವಲುಗಾರ ಕೈ ಹಿಡಿಯುತ್ತಾನೆ. ‘ಒಂದು ಮಗನದು’ ಅನ್ನುತ್ತಾಳೆ. ಮಗ ಸತ್ತು ತಿಂಗಳಾಗಿದೆ ಎಂದು ಕಾವಲುಗಾರನಿಗೂ ಗೊತ್ತು. ಅವನು ಕೈ ಬಿಡುತ್ತಾನೆ. ಆಮೇಲೆ ಆ ಎರಡನೇ ಸೌಟಿನ ನೀರನ್ನು ಅವಳು ಕುಡಿಯುವುದೂ ಇಲ್ಲ, ಚೆಲ್ಲುವುದೂ ಇಲ್ಲ. ಪಾತ್ರೆಗೆ ಬಟ್ಟೆ ಕಟ್ಟಿ ಇಟ್ಟುಕೊಳ್ಳುತ್ತಾಳೆ.

ಎರಡೂವರೆ ಪುಟದ ಈ ದೃಶ್ಯ ಬಳಗದಲ್ಲಿ ಓದಿದ ಪ್ರತಿಯೊಬ್ಬರಿಗೂ ನೆನಪಿತ್ತು. ರಾಜಕುಮಾರನ ಕೊನೆಯ ಯುದ್ಧ ಹೇಗೆ ಮುಗಿಯಿತು ಎಂದು ಕೇಳಿದರೆ ಯಾರಿಗೂ ಹೇಳಲಾಗಲಿಲ್ಲ.

ಕಂತಿನ ಕಾಟ

ಕಾದಂಬರಿ ಹೀಗಾಗಲು ಒಂದು ಕಾರಣ ಅದು ಹುಟ್ಟಿದ ರೀತಿಯಲ್ಲೇ ಇತ್ತು. ಲೇಖಕಿ ಇದನ್ನು ಮೊದಲು ಬರೆದದ್ದು ಫೋನಿನ ಆ್ಯಪ್ ಒಂದಕ್ಕೆ, ಕಂತುಕಂತಾಗಿ. ಭಾಂಡುಪ್‌ನಿಂದ ದಾದರ್‌ವರೆಗಿನ ಸ್ಲೋ ಲೋಕಲ್‌ನಲ್ಲಿ ಕೂತೋ ನಿಂತೋ ಟೈಪ್ ಮಾಡಿದ್ದು. ಒಂದು ಕಂತು ಎಂದರೆ ಎರಡು ಸಾವಿರ ಪದ ಚಿಲ್ಲರೆ. ಕಂತಿನ ಕೊನೆಯಲ್ಲಿ ಓದುಗರ ಎದೆ ಢವಢವ ಅನ್ನಬೇಕು, ಇಲ್ಲದಿದ್ದರೆ ಮುಂದಿನ ಕಂತಿಗೆ ಅವರು ಬರುವುದಿಲ್ಲ. ಎಣಿಸಿ ನೋಡಿದೆ. 112 ಅಧ್ಯಾಯಗಳಲ್ಲಿ 61 ಅಧ್ಯಾಯಗಳು ಯಾರದೋ ಕತ್ತಿಗೆ ಯಾರದೋ ಕತ್ತು ಸಿಕ್ಕಲ್ಲಿಗೆ ಮುಗಿಯುತ್ತಿದ್ದವು.

ಧಾರಾವಾಹಿಯಾಗಿ ಬಂದದ್ದೇ ದೋಷ ಅನ್ನುವುದು ಅನ್ಯಾಯ. ಕನ್ನಡದ ಎಷ್ಟೋ ಒಳ್ಳೆಯ ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿಯೇ ಬಂದವು. ಆದರೆ ಅಲ್ಲಿ ಸಂಪಾದಕ ಎಂಬ ಒಬ್ಬ ಮನುಷ್ಯ ಇರುತ್ತಿದ್ದ. ಇಲ್ಲಿ ಇದ್ದದ್ದು ‘ಬೇಗ ಹಾಕಿ ಅಕ್ಕ’ ಅನ್ನುವ ಓದುಗರು ಮಾತ್ರ. ಅವರು ಬೇಗ ಕೇಳಿದರು, ಇವರು ಬೇಗ ಕೊಟ್ಟರು. ರಾಜ ಯಾಕೆ ತಡೆದ ಎಂದು ಯೋಚಿಸಲು ಘಾಟ್‌ಕೋಪರ್ ದಾಟುವಷ್ಟು ಹೊತ್ತೂ ಇರಲಿಲ್ಲ.

ಜನ್ನನ ಮಾವುತ

ಮೊದಲ ಮಾತುಕತೆಯಲ್ಲಿ ಲೇಖಕಿ ತಮ್ಮನ್ನು ಸಮರ್ಥಿಸಿಕೊಂಡರು. ‘ಸರ್, ಇದು ಇಂಗ್ಲಿಷಿನವರ ಸಾಹಿತ್ಯ ಪ್ರಕಾರ. ಅವರಲ್ಲಿ ನಿಷೇಧ ಅಂದ್ರೆ ನಿಷೇಧ. ಯಾರೂ ಕಾರಣ ಕೇಳಲ್ಲ.’

ಇಂಗ್ಲಿಷಿನ ಓದುಗರೂ ಕೇಳುತ್ತಾರೆ, ಅದು ಬೇರೆ ಮಾತು. ಆದರೆ ಪ್ರಕಾರ ಹೊರಗಿನದು ಅನ್ನುವುದನ್ನು ನಾನು ಒಪ್ಪಲಿಲ್ಲ. 1209ರಲ್ಲೇ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಜನ್ನ ‘ಯಶೋಧರ ಚರಿತೆ’ ಬರೆದ. ಸುಮಾರು 310 ಪದ್ಯ, ಅಷ್ಟೇ. ಅದರಲ್ಲಿ ಮಾರಿಗುಡಿ ಇದೆ, ನರಬಲಿಗೆ ಹಿಡಿದು ತಂದ ಅಣ್ಣತಂಗಿ ಇದ್ದಾರೆ, ಜನ್ಮಜನ್ಮಕ್ಕೆ ಬೆನ್ನು ಹತ್ತುವ ಪಾಪವಿದೆ. ನಡುವೆ ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಮನಸೋತು ಕುರೂಪಿ ಮಾವುತನ ಹಿಂದೆ ಹೋಗುತ್ತಾಳೆ. ಕಪ್ಪು ಛಾಯೆಯ ಕಥೆಗೆ ಇನ್ನೇನು ಬೇಕು?

ಅದರಲ್ಲಿ ಒಂದು ಜಾಗವನ್ನು ಲೇಖಕಿಗೆ ತೋರಿಸಿದೆ. ರಾಜ ಯಶೋಧರ ಹೆಂಡತಿಯ ಹಿಂದೆಯೇ ಹೋಗುತ್ತಾನೆ. ಎಲ್ಲವನ್ನೂ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತಿ, ತಡೆದುಕೊಂಡು ವಾಪಸ್ ಬರುತ್ತಾನೆ. ಬೆಳಿಗ್ಗೆ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಶಾಂತಿಗೆ ಬಲಿ ಕೊಡು ಎಂದು ತಾಯಿ ಹಿಡಿಯುತ್ತಾಳೆ. ಜೀವ ತೆಗೆಯಲು ಮನಸ್ಸಿಲ್ಲದೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಅಲ್ಲಿಂದ ಎಲ್ಲ ಹಾಳು. ರಾಣಿಯ ಪ್ರೇಮಕ್ಕೂ ರಾಜನ ಜನ್ಮಾಂತರಕ್ಕೂ ನಡುವಿನ ಕೊಂಡಿ ಎಷ್ಟು ಗಟ್ಟಿ ಎಂದರೆ ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಇವರ ಕಾದಂಬರಿಯಲ್ಲಿ ಪ್ರೇಮವನ್ನು ಪೂರ್ತಿ ಕಿತ್ತು ಹಾಕಿದರೂ ಯುದ್ಧಗಳು ಹಾಗೇ ನಡೆಯುತ್ತಿದ್ದವು. ಅವರೇ ಮನೆಗೆ ಹೋಗಿ ಅಧ್ಯಾಯಗಳ ಪಟ್ಟಿ ಮಾಡಿ ನೋಡಿದರು. ಮರುದಿನ ಫೋನ್ ಮಾಡಿ ‘ಹೌದು ಸರ್, ನಡೀತವೆ’ ಎಂದರು. ದನಿಯಲ್ಲಿ ಸಿಟ್ಟಿತ್ತು.

ಚಾವೀವಾಲಾ

ಪರಿಹಾರ ಸಿಕ್ಕಿದ್ದು ಪುಸ್ತಕದಿಂದಲ್ಲ. 37ನೇ ಅಧ್ಯಾಯ ಅಷ್ಟು ಚೆನ್ನಾಗಿ ಹೇಗೆ ಬಂತು ಎಂದು ನಾನು ಕೇಳಿದೆ. ಅವರು ನಕ್ಕು ‘ನಮ್ಮ ಚಾಳಿಗೆ ಬಂದು ನೋಡಿ’ ಎಂದರು.

ಮುಂಬಯಿಗೆ ಏಳು ಜಲಾಶಯಗಳಿಂದ ನೀರು ಬರುತ್ತದೆ. ವಿಹಾರ್ ಕೆರೆ 1860ರದ್ದು, ತುಳಸಿ ಆಮೇಲಿನದು. ಎರಡೂ ಊರೊಳಗೇ ಇವೆ. ತಾನ್ಸಾ, ಮೋಡಕ್ ಸಾಗರ್, ಮೇಲಿನ ಮತ್ತು ಮಧ್ಯ ವೈತರಣಾ, ಭಾತ್ಸಾ ದೂರದವು. ಅದರ ಬಹುಪಾಲು ನೀರು ಶುದ್ಧವಾಗುವುದು ಭಾಂಡುಪ್‌ನ ದೊಡ್ಡ ಘಟಕದಲ್ಲಿ. ಅದೇ ಭಾಂಡುಪ್‌ನ ಗುಡ್ಡದ ಚಾಳಿಗೆ ನೀರು ಬರುವುದು ಬೆಳಗಿನ ಜಾವ, ಸ್ವಲ್ಪ ಹೊತ್ತು. ದೀಪದ ಬುಡದಲ್ಲೇ ಕತ್ತಲೆ. ಆ ಹೊತ್ತಿಗೆ ಎದ್ದು ಹಂಡೆ, ಡ್ರಮ್ಮು, ಕೊಡ, ಎಣ್ಣೆ ಡಬ್ಬಿ ಎಲ್ಲ ತುಂಬಿಸಿಕೊಳ್ಳಬೇಕು.

ಪಾಲಿಕೆಯ ಒಬ್ಬ ಮನುಷ್ಯ ಉದ್ದನೆಯ ಕಬ್ಬಿಣದ ಕೀಲಿ ತಂದು ರಸ್ತೆಯಲ್ಲಿ ಹೂತಿರುವ ವಾಲ್ವ್ ತಿರುಗಿಸುತ್ತಾನೆ. ಈ ಕಡೆ ಬಂದ್ ಮಾಡಿ ಆ ಕಡೆಗೆ ಬಿಡುತ್ತಾನೆ. ಎಲ್ಲರೂ ಅವನನ್ನು ಚಾವೀವಾಲಾ ಎನ್ನುತ್ತಾರೆ. ಮೇಲಿನ ಚಾಳಿನವರು ಕೆಳಗಿನವರಿಗೆ ಜಾಸ್ತಿ ಬಿಟ್ಟ ಅಂತ ಬೈಯುತ್ತಾರೆ, ಕೆಳಗಿನವರು ಮೇಲಿನವರಿಗೆ ಅಂತ. ಬೈದವರೇ ಚಹಾ ಕೊಡುತ್ತಾರೆ.

‘ಅವನಿಗೆ ಯಾರೂ ಒಳಗೆ ಬಾ ಅನ್ನಲ್ಲ ಸರ್’ ಎಂದರು ಲೇಖಕಿ. ‘ಚಹಾ ಬಾಗಿಲಲ್ಲೇ. ಅವನಿಗೆ ಒಂದು ಚಾಳಿನಲ್ಲಿ ನೆಂಟಸ್ತನ ಬೆಳೀತು ಅಂತ ಇಟ್ಕೊಳ್ಳಿ. ಪಕ್ಕದವರು ಸುಮ್ನಿರ್ತಾರಾ?’

ಇದನ್ನು ಹೇಳಿ ಅವರೇ ಸುಮ್ಮನಾದರು. ಮೂರನೇ ಪ್ರಕಾಶಕರ ಚೀಟಿಗೆ ಉತ್ತರ ಅಲ್ಲೇ ಇತ್ತು. ನೀರು ಹಂಚುವವನು ಯಾರನ್ನೂ ಪ್ರೀತಿಸಬಾರದು. ಯಾಕೆಂದರೆ ಪ್ರೀತಿಸಿದವರ ಕಡೆಗೆ ಕೀಲಿ ಅರ್ಧ ಸುತ್ತು ಜಾಸ್ತಿ ತಿರುಗುತ್ತದೆ. ಈ ಭಯ ಮೂರ್ಖತನದ್ದಲ್ಲ. ನನಗೂ ಇರುತ್ತದೆ, ನಿಮಗೂ ಇರುತ್ತದೆ.

ನಮ್ಮ ಕಡೆಯ ಕೆರೆಗಳಲ್ಲಿ ಈ ಕೆಲಸಕ್ಕೆ ನೀರಗಂಟಿ ಇದ್ದ. ತೂಬು ಎತ್ತುವುದು, ಸರದಿಯ ಪ್ರಕಾರ ಗದ್ದೆಗೆ ನೀರು ಬಿಡುವುದು, ಕೋಡಿ ಬೀಳುವಾಗ ಏರಿ ಕಾಯುವುದು. ಸುಗ್ಗಿಯಲ್ಲಿ ರೈತರು ಕಾಳಿನ ಪಾಲು ಕೊಡುತ್ತಿದ್ದರು. ಎಲ್ಲರ ಅನ್ನ ಅವನ ಕೈಯಲ್ಲಿ, ಅವನ ಅನ್ನ ಎಲ್ಲರ ಕೈಯಲ್ಲಿ. ರಾಜಕುಮಾರ ಹೋದ, ನೀರಗಂಟಿ ಬಂದ. ಹಿಮ ಹೋಯಿತು, ಕಪ್ಪು ಕಲ್ಲಿನ ಬರದ ಸೀಮೆ ಬಂತು.

ಹೊಸ ನಿಷೇಧ

ಎರಡನೇ ಕರಡಿನಲ್ಲಿ ಕಥೆಯ ಬುನಾದಿ ಹೀಗಾಯಿತು. ಸೀಮೆಗೆಲ್ಲ ಒಂದೇ ಕೆರೆ. ಹನ್ನೆರಡು ವರ್ಷಕ್ಕೊಮ್ಮೆ ಅದು ಒಬ್ಬರನ್ನು ಬಲಿ ಕೇಳುತ್ತದೆ. ಯಾರನ್ನು ಕೊಡಬೇಕು ಎಂಬ ಚೀಟಿ ಎತ್ತುವವನು ನೀರಗಂಟಿ. ಅವನು ಆ ಊರಿನವನಾಗಿರಬಾರದು. ಚಿಕ್ಕ ಹುಡುಗನಾಗಿದ್ದಾಗಲೇ ಹೊರಗಿನಿಂದ ತಂದು ಸಾಕುತ್ತಾರೆ. ಊರಿನ ಯಾರನ್ನೂ ಅವನು ಮುಟ್ಟುವಂತಿಲ್ಲ, ಯಾರ ಮನೆಯೊಳಗೂ ಕಾಲಿಡುವಂತಿಲ್ಲ.

ಈ ಕಟ್ಟಳೆಯನ್ನು ಮಾಡಿದ್ದು ಯಾರು? ಇಲ್ಲಿ ಲೇಖಕಿ ಒಂದು ಒಳ್ಳೆಯ ಕೆಲಸ ಮಾಡಿದರು. ರಾಜನನ್ನು ಬದಿಗಿಟ್ಟು, 37ನೇ ಅಧ್ಯಾಯದ ಮುದುಕಿಯನ್ನು ಎಬ್ಬಿಸಿ ಮುಂದೆ ತಂದರು. ಸತ್ತ ಮಗ ಈಗ ಸತ್ತ ಮಗಳಾದಳು. ಹಿಂದಿನ ಸಲ ಇದ್ದ ನೀರಗಂಟಿ ಒಬ್ಬಳನ್ನು ಗುಟ್ಟಾಗಿ ಪ್ರೀತಿಸಿದ್ದ. ಚೀಟಿ ಅವಳ ಹೆಸರಿಗೆ ಬಂದಾಗ ಬದಲಾಯಿಸಿದ. ಬದಲಾಗಿ ಹೋದವಳು ಮುದುಕಿಯ ಮಗಳು. ಸತ್ಯ ಗೊತ್ತಾದ ಮೇಲೆ ಮುದುಕಿ ಊರಿನ ಮುಂದೆ ಕೂತು, ಅನ್ನನೀರು ಬಿಟ್ಟು ಈ ಕಟ್ಟಳೆ ಮಾಡಿಸಿದಳು.

ಈಗ ಕಥೆಯಲ್ಲಿ ಕೆಟ್ಟವರೇ ಇಲ್ಲ. ಹೊಸ ನೀರಗಂಟಿ ಮತ್ತು ಅವನು ಪ್ರೀತಿಸುವ ಊರಿನ ಹುಡುಗಿ ಒಬ್ಬರನ್ನೊಬ್ಬರು ನೋಡಿದಾಗಲೆಲ್ಲ ಓದುಗನಿಗೆ ಮುದುಕಿಯ ಮುಖ ಕಾಣುತ್ತದೆ. ಅವರು ಕೂಡಲಿ ಎಂದೂ ಅನ್ನಿಸುತ್ತದೆ, ಕೂಡಬಾರದು ಎಂದೂ ಅನ್ನಿಸುತ್ತದೆ. ನಿಷಿದ್ಧ ಪ್ರೇಮದ ಕಥೆಗೆ ನಾನು ಕೇಳುವುದು ಇಷ್ಟೇ: ತಡೆದವರ ಬಾಯಲ್ಲಿ ಒಂದು ನ್ಯಾಯದ ಮಾತಿರಬೇಕು. ತಡೆಯುವವನು ಬರೀ ಮೀಸೆ ತಿರುವುವ ರಾಜನಾದರೆ, ಪ್ರೇಮಿಗಳು ಗೆಲ್ಲುತ್ತಾರೆ ಎಂದು ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ನೀರು ನಿಜವಾಗಿ ಬರಬೇಕಾ?

ಅತಿ ದೊಡ್ಡ ಜಗಳ ನಡೆದದ್ದು ಇಲ್ಲಿ. ಎರಡನೇ ಕರಡಿನ ಕೊನೆಯಲ್ಲೂ ಲೇಖಕಿ ಹಳೆಯ ತಿರುವನ್ನೇ ಇಟ್ಟಿದ್ದರು. ಬಲಿ ಎಲ್ಲ ಸುಳ್ಳು, ಕೆರೆ ಬತ್ತಿದ್ದು ಹೂಳು ತುಂಬಿದ್ದರಿಂದ, ಹೂಳು ತೆಗೆದರೆ ನೀರು ಬರುತ್ತದೆ, ಎಲ್ಲರೂ ಸುಖ. ನಾನು ಬೇಡ ಎಂದೆ. ಬಲಿ ಸುಳ್ಳಾದರೆ ಮುದುಕಿಯ ಸಿಟ್ಟಿಗೆ ಬೆಲೆಯಿಲ್ಲ, ನೀರಗಂಟಿಯ ಸಂಕಟಕ್ಕೂ ಬೆಲೆಯಿಲ್ಲ. ಎಲ್ಲ ಒಂದು ತಪ್ಪು ತಿಳುವಳಿಕೆ ಆಗಿಹೋಗುತ್ತದೆ.

ಅವರ ಆಕ್ಷೇಪವೂ ಸಣ್ಣದಲ್ಲ. ‘ಬಲಿ ಕೊಟ್ಟರೆ ನೀರು ಬರುತ್ತೆ ಅಂತ ನಾನು ಬರೀಬೇಕಾ? ಮೂಢನಂಬಿಕೆಗೆ ಬೆಂಬಲ ಕೊಟ್ಟ ಹಾಗೆ ಆಗಲ್ವಾ?’ ಅವರಿರುವ ಮಹಾರಾಷ್ಟ್ರದಲ್ಲಿ ನರಬಲಿ ಮತ್ತು ವಾಮಾಚಾರದ ವಿರುದ್ಧ 2013ರಲ್ಲೇ ಕಾನೂನು ಬಂದಿದೆ. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಂಥದೇ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇಂಥ ಕಾನೂನು ಬೇಕಾದ ಸಮಾಜದಲ್ಲಿ ಕೂತು ಬರೆಯುವವರಿಗೆ ಈ ಅಳುಕು ಇರಲೇಬೇಕು.

ಮಾಮ ಅದಕ್ಕೆ ಉತ್ತರ ಕೊಟ್ಟರು. ಭಾಷಣ ಮಾಡಲಿಲ್ಲ, ‘ಕೆರೆಗೆ ಹಾರ’ ನೆನಪಿಸಿದರು. ಶಾಲೆಯಲ್ಲಿ ಓದಿದ ಜನಪದ ಕಥನಗೀತೆ. ಕಟ್ಟಿಸಿದ ಕೆರೆಗೆ ನೀರಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಕೊಡಬೇಕು ಎಂದು ಬರುತ್ತದೆ. ಹಿರಿಸೊಸೆ ಹಿರಿತನಕ್ಕೆ ಬೇಕು, ಕಿರಿಸೊಸೆ ಭಾಗೀರಥಿಯನ್ನು ಕೊಡೋಣ ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಅವಳು ಮೆಟ್ಟಿಲು ಏರುತ್ತಾ ಹೋದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬರುತ್ತದೆ.

‘ಅದರಲ್ಲಿ ನೀರು ಬರ್ತದೆ ಮಾರಾಯ್ರೆ’ ಎಂದರು ಮಾಮ. ‘ನಿಜವಾಗಿ ಬರ್ತದೆ. ಹಾಗಂತ ಯಾರಾದ್ರೂ ಆ ಮಾವನನ್ನು ಹೊಗಳ್ತಾರಾ? ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರ್ತಾನಲ್ಲ, ಅಲ್ಲಿಗೆ ಮುಗೀತು ಅವರ ಶಾಸ್ತ್ರದ ಮರ್ಯಾದೆ.’

ಲೇಖಕಿ ಒಪ್ಪಿದರು, ಆದರೆ ತಮ್ಮದೇ ಒಂದು ಷರತ್ತು ಹಾಕಿಕೊಂಡು. ನೀರು ಬರಲಿ, ಆದರೆ ಸುಮ್ನೆ ಬರಬಾರದು. ಅವರ ಕೆರೆಯ ನೀರಿನಲ್ಲಿ ಸತ್ತವಳ ನೆನಪು ಕರಗಿರುತ್ತದೆ. ಕುಡಿದ ಪ್ರತಿಯೊಬ್ಬರಿಗೂ ಕನಸಿನಲ್ಲಿ ಅವಳ ಬದುಕು ಚೂರುಚೂರಾಗಿ ಕಾಣುತ್ತದೆ. ಅವಳ ತಾಯಿಯ ಕೈಯ ಎಣ್ಣೆ ವಾಸನೆ, ಅವಳು ಕದ್ದು ತಿಂದ ಮಾವಿನಕಾಯಿ, ಅವಳ ಕೊನೆಯ ಹೆದರಿಕೆ. ಇಡೀ ಊರು ಹನ್ನೆರಡು ವರ್ಷ ಅವಳನ್ನೇ ಕುಡಿಯುತ್ತದೆ.

ಈ ಒಂದು ಕಲ್ಪನೆ ಕಾದಂಬರಿಯ ಕೀಲು ಸರಿಮಾಡಿತು. ಹಿಂದಿನ ನೀರಗಂಟಿಯ ಮೋಸ ಹೇಗೆ ಬಯಲಾಯಿತು? ಮುದುಕಿಯ ಮಗಳು ಸಾಯುವ ಮೊದಲು ಚೀಟಿ ಬದಲಾದದ್ದನ್ನು ನೋಡಿದ್ದಳು. ನೀರು ಕುಡಿದ ಊರಿಗೆಲ್ಲ ಅದು ಗೊತ್ತಾಯಿತು. ಮುದುಕಿ ಆ ಎರಡನೇ ಸೌಟಿನ ನೀರನ್ನು ಯಾಕೆ ಬಟ್ಟೆ ಕಟ್ಟಿ ಇಟ್ಟುಕೊಳ್ಳುತ್ತಾಳೆ? ಅದಕ್ಕೂ ಈಗ ಅರ್ಥ ಬಂತು. ಪ್ರೇಮಿಗಳ ಗುಟ್ಟಿಗೂ ಇನ್ನು ಜಾಗವಿಲ್ಲ. ಹುಡುಗಿಯನ್ನೇ ಕೆರೆಗೆ ಕೊಟ್ಟರೆ ಅವರ ಪ್ರತಿಯೊಂದು ರಾತ್ರಿಯನ್ನೂ ಊರು ಕುಡಿಯುತ್ತದೆ. ಸಾವೂ ಮುಚ್ಚಿಹಾಕುವುದಿಲ್ಲ. ಮಾಟಮಂತ್ರಕ್ಕೆ ನಿಯಮ ಇರಬೇಕು ಎಂದು ಫ್ಯಾಂಟಸಿ ಬರೆಯುವವರು ಹೇಳುತ್ತಿರುತ್ತಾರೆ. ನಿಯಮ ಇದ್ದರೆ ಸಾಲದು, ಅದು ಪ್ರೇಮಿಗಳ ಕುತ್ತಿಗೆಗೇ ಬರಬೇಕು.

ಕೀಲಿ ಯಾರ ಕೈಯಲ್ಲಿ

ಕಾಲೇಜು ಹುಡುಗಿ ಮೊದಲ ಕರಡನ್ನು ಅರ್ಧಕ್ಕೇ ಬಿಟ್ಟಿದ್ದಳು. ಕಾರಣ ಕೇಳಿದರೆ ‘ಆಂಟಿ, ಅವನು ಅವಳನ್ನ ನೆಲಮಾಳಿಗೆಯಲ್ಲಿ ಕೂಡಿಹಾಕಿದಾನೆ. ಇದು ಲವ್ ಅಲ್ಲ, ಜೈಲು’ ಎಂದಿದ್ದಳು. ಲೇಖಕಿಗೆ ಬೇಜಾರಾಗಿತ್ತು. ಆ್ಯಪ್‌ನಲ್ಲಿ ಅದೇ ಕಂತುಗಳಿಗೆ ಅತಿ ಹೆಚ್ಚು ಮೆಚ್ಚುಗೆ ಬಂದಿತ್ತು.

ಈ ಬಗೆಯ ಕಥೆಗಳಲ್ಲಿ ಸೆರೆಹಿಡಿದವನ ಮೇಲೇ ಪ್ರೀತಿ ಹುಟ್ಟುವುದು ಮಾಮೂಲು. ಬರೆಯಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಬಾಗಿಲ ಕೀಲಿ ಒಬ್ಬನ ಹತ್ತಿರ ಇದ್ದಾಗ ಇನ್ನೊಬ್ಬಳ ‘ಹೂಂ’ಗೆ ಎಷ್ಟು ಬೆಲೆ ಎಂದು ಕಾದಂಬರಿಗೆ ಗೊತ್ತಿರಬೇಕು. ಇವರ ಮೊದಲ ಕರಡಿಗೆ ಗೊತ್ತಿರಲಿಲ್ಲ.

ಹೊಸ ಕರಡಿನಲ್ಲೂ ಅಪಾಯ ಹೋಗಿರಲಿಲ್ಲ. ಯಾರು ಸಾಯಬೇಕು ಎಂಬ ಚೀಟಿ ಎತ್ತುವವನ ಜೊತೆ ಪ್ರೀತಿ ಎಂದರೆ, ಅದು ಪ್ರೀತಿಯೋ ಜೀವ ಉಳಿಸಿಕೊಳ್ಳುವ ಉಪಾಯವೋ? ಲೇಖಕಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳದೆ ಅದನ್ನೇ ಕಥೆಯ ಹುಡುಗಿಯ ಬಾಯಲ್ಲಿ ಇಟ್ಟರು. ತಾನು ಅವನ ಹತ್ತಿರ ಮೊದಲ ಸಲ ಹೋದದ್ದು ಹೆದರಿಕೆಯಿಂದ ಎಂದು ಅವಳೇ ಹೇಳುತ್ತಾಳೆ. ಅವನಿಗೂ ಅದು ಗೊತ್ತು. ಆಮೇಲೆ ಏನೋ ಬದಲಾಗುತ್ತದೆ, ಯಾವಾಗ ಎಂದು ಇಬ್ಬರಿಗೂ ತಿಳಿಯುವುದಿಲ್ಲ.

ಪ್ರೇಮದ ದೃಶ್ಯಗಳು ಹೇಗೆ ಬದಲಾದವು ಎಂದು ತೋರಿಸಲು ಎರಡು ತುಣುಕು ಕೊಡುತ್ತೇನೆ. ಲೇಖಕಿಯ ಒಪ್ಪಿಗೆ ಇದೆ. ಇದು ಹಳೆಯದು:

‘ಅವನ ನೀಲಿ ಕಣ್ಣುಗಳ ಸಾಗರದಲ್ಲಿ ಅವಳು ಮುಳುಗಿಹೋದಳು. ಅವಳ ಹೃದಯ ಗುಡುಗಿನಂತೆ ಬಡಿದುಕೊಂಡಿತು. ಇದು ಪಾಪವೆಂದು ಅವಳಿಗೆ ಗೊತ್ತಿತ್ತು, ಆದರೆ ಆ ಪಾಪ ಎಷ್ಟು ಮಧುರವಾಗಿತ್ತು!’

ಇದು ಹೊಸದು:

‘ತೂಬಿನ ಕೀಲಿಗೆ ತುಕ್ಕು ಹಿಡಿದಿತ್ತು. ಒಬ್ಬನ ಕೈಗೆ ಜಗ್ಗಲಿಲ್ಲ. ಹಿಡೀಲಾ ಅಂದಳು. ಬೇಡ ಅನ್ನಬೇಕಿತ್ತು. ಕೆಳಗೆ ನಾಲ್ಕು ಕೇರಿಯವರು ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಅವಳ ಕೈ ಅವನ ಕೈ ಪಕ್ಕಕ್ಕೆ ಬಂತು. ಮುಟ್ಟಲಿಲ್ಲ. ಕೀಲಿ ತಿರುಗಿತು. ಕೆಳಗಿನಿಂದ ಯಾರೋ, ಇವತ್ತು ಬೇಗ ಬಂತಲ್ಲ ಅಂದರು.’

ಕೊನೆಯ ಸಾಲನ್ನು ನೋಡಿ. ಊರಿಗೆ ಸಂಶಯದ ಮೊದಲ ಎಳೆ ಸಿಕ್ಕಿದ್ದು ಅಲ್ಲೇ.

ಕತ್ತರಿ, ಕಲ್ಲು, ತೆರೆ

112 ಅಧ್ಯಾಯ 48ಕ್ಕೆ ಇಳಿಯಿತು. ಪದಗಳು 1,36,000ಕ್ಕೆ. ಈಗ 544 ಪುಟ, 34 ಫಾರಂ. ಕೊಲೆಗಳು ಆರು. ಮೊದಲು ಎಷ್ಟಿದ್ದವು ಎಂದು ಎಣಿಸುವುದನ್ನು ನಾನು ಮಧ್ಯದಲ್ಲೇ ಬಿಟ್ಟಿದ್ದೆ. ಆರೇ ಆದ ಮೇಲೆ ಕಥೆ ಇನ್ನೂ ಕಪ್ಪಾಯಿತು. ಪ್ರತಿ ಸಾವಿಗೂ ಊರು ಒಂದು ಇಡೀ ಅಧ್ಯಾಯ ಅಳುತ್ತದೆ.

ಹಿಮದ ಕೋಟೆಯ ಜಾಗಕ್ಕೆ ಏನು ಬರಬೇಕು ಎಂಬುದಕ್ಕೆ ಲೇಖಕಿ ಜಾಸ್ತಿ ದೂರ ಹೋಗಲಿಲ್ಲ. ಬೋರಿವಲಿಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಹೋಗಿ ಬಂದರು. ಒಂದೇ ಕಪ್ಪು ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆ. ಗುಹೆಗಳ ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳು, ಮಳೆನೀರು ಇಳಿದು ಬರಲು ಕಾಲುವೆಗಳು. ಬ್ರಾಹ್ಮಿ ಲಿಪಿಯ ಶಾಸನಗಳಲ್ಲಿ ಗುಹೆ, ತೊಟ್ಟಿ ದಾನ ಮಾಡಿದವರ ಹೆಸರುಗಳು. ಬಂದವರೇ ಕೇಳಿದರು, ‘ಕೊಟ್ಟವರ ಹೆಸರಿದೆ. ಉಳಿ ಹಿಡಿದು ಕೊರೆದವರದ್ದು ಎಲ್ಲಿ?’ ಹೊಸ ಕರಡಿನಲ್ಲಿ ಕೆರೆಯ ಮೆಟ್ಟಿಲುಗಳ ಮೇಲೆ ದಾನಿಗಳ ಹೆಸರು ಕೆತ್ತಿದೆ. ಬಲಿಯಾದವರ ಹೆಸರು ಎಲ್ಲೂ ಇಲ್ಲ, ನೀರಿನಲ್ಲಿ ಮಾತ್ರ.

ಕೆರೆಯೊಳಗೆ ಇರುವ ‘ಅದು’ ಎಂಬ ಜೀವಿ ಮೊದಲು ಐದನೇ ಪುಟದಲ್ಲೇ ಹಲ್ಲು, ಉಗುರು, ರೆಕ್ಕೆ ಸಮೇತ ಎದ್ದು ಬರುತ್ತಿತ್ತು. ಮಾಮನಿಗೆ ತಡೆಯಲಾಗಲಿಲ್ಲ. ‘ಎಂತ ಇದು? ಬಣ್ಣದ ವೇಷವನ್ನು ಹೀಗೆ ನೂಕ್ತಾರಾ ರಂಗಕ್ಕೆ?’ ಯಕ್ಷಗಾನದಲ್ಲಿ ರಕ್ಕಸನ ವೇಷದವನು ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಇಟ್ಟು ಗಂಟೆಗಟ್ಟಲೆ ಮುಖ ಬರೆದಿರುತ್ತಾನೆ. ಆದರೂ ಸೀದಾ ಬರುವುದಿಲ್ಲ. ತೆರೆಯ ಹಿಂದೆ ಅಬ್ಬರಿಸುತ್ತಾನೆ. ಕಿರೀಟದ ತುದಿ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಮುಂದೆ ಕೂತ ಮಕ್ಕಳು ಅಷ್ಟರಲ್ಲೇ ಅಮ್ಮನ ಸೆರಗು ಹಿಡಿದಾಗಿರುತ್ತದೆ. ಈಗ ಕೆರೆಯ ಜೀವಿ ಪೂರ್ತಿ ಕಾಣುವುದು 46ನೇ ಅಧ್ಯಾಯದಲ್ಲಿ, ಅರ್ಧ ಪುಟ ಮಾತ್ರ.

ಮಾತಿನ ಕನ್ನಡದ ಬಗ್ಗೆ ಸ್ವಲ್ಪ ಎಳೆದಾಟ ಆಯಿತು. ‘ಓ ಪ್ರಿಯತಮೆ’ ಹೋಗಿ, ಕೆರೆಯ ಜನಕ್ಕೆ ಅಂಕೋಲಾ ಕಡೆಯ ಮಾತು ಹದವಾಗಿ ಬಂತು.

ಈಗ

ಮೂರನೇ ಪ್ರಕಾಶಕರೇ ಹೊಸ ಕರಡು ಓದಿ 500 ಪ್ರತಿಗೆ ಒಪ್ಪಿದ್ದಾರೆ. ಅಚ್ಚಿನ ಮೊದಲ ಪ್ರೂಫ್ ತಿದ್ದುತ್ತಿದ್ದೇನೆ.

ಬಳಗದಲ್ಲಿ ಎಲ್ಲರೂ ಒಪ್ಪಿದ್ದಾರೆ ಎಂದರೆ ಸುಳ್ಳಾಗುತ್ತದೆ. ತಕರಾರು ಉಳಿದಿರುವುದು ಕ್ಲೈಮ್ಯಾಕ್ಸ್ ಬಗ್ಗೆ. ಚೀಟಿ ಹುಡುಗಿಯ ಹೆಸರಿಗೆ ಬರುತ್ತದೆ. ಬದುಕಬೇಕು ಎಂದು ಅವಳು ಬಾಯಿಬಿಟ್ಟು ಕೇಳುತ್ತಾಳೆ. ಅವನು ಎರಡನೇ ಚೀಟಿ ಎತ್ತುತ್ತಾನೆ. ಅದರಲ್ಲಿ ಮುದುಕಿಯ ಉಳಿದಿರುವ ಒಬ್ಬಳೇ ಮೊಮ್ಮಗಳ ಹೆಸರು. ಮಾಮನ ಪ್ರಕಾರ ಹುಡುಗಿ ಆಗ ತಾನೇ ಮುಂದೆ ಬಂದು ಕೆರೆಗೆ ಇಳಿಯಬೇಕು. ಕಾಲೇಜು ಹುಡುಗಿ ಸಿಡಿದಳು. ‘ಯಾವಾಗ್ಲೂ ಹೆಂಗಸೇ ಇಳೀಬೇಕಾ ಮಾಮ? ಅವನಿಗೇನು ನೀರು ಅಲರ್ಜಿನಾ?’ ಲೇಖಕಿ ಇಬ್ಬರ ಮಾತನ್ನೂ ಕೇಳಲಿಲ್ಲ. ಅವರು ಬರೆದಿರುವ ಕೊನೆಯಲ್ಲಿ ಮುದುಕಿ ಆ ಚೀಟಿಯನ್ನು ಕಸಿದುಕೊಂಡು ಓದುತ್ತಾಳೆ. ಮುಂದೆ ಏನು ಮಾಡುತ್ತಾಳೆ ಎಂದು ನಾನು ಹೇಳಿದರೆ ಪ್ರಕಾಶಕರು ನನ್ನನ್ನು ಬಿಡುವುದಿಲ್ಲ. ನನಗಂತೂ ಆ ನಿರ್ಧಾರ ಸರಿಯೆನಿಸಿದೆ. ಮಾಮ ಇನ್ನೂ ತಲೆ ಅಲ್ಲಾಡಿಸುತ್ತಿದ್ದಾರೆ.

ಎರಡನೇ ಭಾಗ ಬರೆಯಿರಿ ಎಂದು ಪ್ರಕಾಶಕರು ಕೇಳಿದ್ದರು. ಇಲ್ಲ ಎಂದು ಲೇಖಕಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಸದ್ಯಕ್ಕೆ ಜಗಳ ನಡೆದಿರುವುದು ಬೆಲೆಯ ಮೇಲೆ. 34 ಫಾರಂನ ಗಟ್ಟಿ ರಟ್ಟಿನ ಪುಸ್ತಕಕ್ಕೆ ಇಷ್ಟು ಇಡಲೇಬೇಕು ಎಂದು ಅವರು, ನಮ್ಮ ಚಾಳಿನವರು ಕೊಳ್ಳುವ ಹಾಗಿರಬೇಕು ಎಂದು ಇವರು. ಎದುರು ಕೂತಿರುವುದು ಪತಪೇಢಿಯ ಲೆಕ್ಕದವರು ಎಂದು ಪ್ರಕಾಶಕರಿಗೆ ನಿಧಾನವಾಗಿ ಗೊತ್ತಾಗುತ್ತಿದೆ. ಕಾಗದ, ಬೈಂಡಿಂಗ್, ಅಂಗಡಿಯವರ ಕಮಿಷನ್ ಎಲ್ಲ ಬಿಡಿಸಿ ಬರೆದ ಎರಡು ಹಾಳೆ ಹೋದ ವಾರ ಅವರಿಗೆ ಅಂಚೆಯಲ್ಲಿ ಹೋಗಿದೆ.